ಎಚ್ಚರದ ಪಾಳಿ

ನನ್ನ ಕೈಗೆ ಕೊಟ್ಟ ಫಾರಮ್ಮಿನಲ್ಲಿ ಹದಿನಾಲ್ಕು ಕಾಲಮ್ಮು.
ಹಂಚು ಎಷ್ಟು ಹೋಯಿತು, ಗೋಡೆ ಎಷ್ಟು ಅಡಿ,
ತೆಂಗು ಫಲ ಬರುವುದೋ ಸಸಿಯೋ,
ಬಾವಿಗೆ ಉಪ್ಪು ಇಳಿದಿದೆಯೇ: ಹೌದು, ಇಲ್ಲ,
ಒಂದಕ್ಕೆ ಗುರುತು ಹಾಕಿ.

ಉಚ್ಚಿಲದ ಈ ತುದಿಯಲ್ಲಿ ರಸ್ತೆ ಒಮ್ಮೆಗೇ ನಿಂತುಬಿಡುತ್ತದೆ,
ಮಾತಿನ ನಡುವೆ ಹೆಸರು ಮರೆತವರ ಹಾಗೆ.
ಅದರಾಚೆ ಐದು ಮನೆಯಿತ್ತು.
ಈಗ ಮೂರು ಮೆಟ್ಟಿಲು ಇದೆ. ಹತ್ತಿದರೆ ಗಾಳಿ.

ಧೂಮಪ್ಪ ಮೆಂಡನ್ ಶಾಲೆಯ ಜಗಲಿಯಲ್ಲಿ
ಕಂಬಕ್ಕೊರಗಿ ಕೂತೇ ಕಣ್ಣು ಮುಚ್ಚುತ್ತಾರೆ,
ಕಾಲು ಚಪ್ಪಲಿಯೊಳಗೇ.
"ಕಡಲಿನ ಮೇಲೆ ಸಿಟ್ಟಿಲ್ಲ" ಅನ್ನುತ್ತಾರೆ, ನಾನು ಕೇಳದೆಯೇ.
"ಅದಕ್ಕೆ ಬೈದರೆ ನಾಳೆ ಯಾವ ಮುಖದಲ್ಲಿ ಬಲೆ ಬಿಡುವುದು?"
ಹಾಗಾದರೆ ಸಿಟ್ಟು ಎಲ್ಲಿಗೆ ಹೋಗಬೇಕು?
ಮೊನ್ನೆ ಹೆಂಡತಿಯ ಬಟ್ಟಲಿಗೆ ಹೋಯಿತು.
ಗಂಜಿ ಗೋಡೆಯಲ್ಲಿತ್ತು.

ಅವ್ವಾಬಿ ಅಕ್ಕಿ ತೊಳೆಯುತ್ತಾಳೆ. ಏಳು ನೀರು, ಎಂಟು ನೀರು.
ಹೊಯಿಗೆ ಇದೆಯಂತೆ. ನನಗೆ ಕಾಣುವುದಿಲ್ಲ.
"ಇದೆ ಮಗಾ, ಹಲ್ಲಿಗೆ ಸಿಗುತ್ತದೆ."
ನಾನೂ ಕೈ ಹಾಕಿ ಹುಡುಕಿದೆ.
ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಗ್ರೆಟ್ಟಾಬಾಯಿಯ ಮೊಮ್ಮಗಳು ಮನೆಯ ಚಿತ್ರ ಬಿಡಿಸುತ್ತಾಳೆ,
ಬಾಗಿಲು, ಕಿಟಕಿ, ಶಿಲುಬೆ,
ಕೆಳಗೆ ನಾಲ್ಕು ಚಕ್ರ.

ಉಬ್ಬರದ ಹೊತ್ತಿಗೆ ಸರಿಯಾಗಿ
ಇಡೀ ಶಾಲೆ ಎದ್ದು ಕೂರುತ್ತದೆ, ಯಾರೂ ಕರೆಯದೆ.
ಆಮೇಲೆ ಬೆಳಗಿನವರೆಗೆ ಬರೀ ಕೆಮ್ಮು, ಬೀಡಿ,
ಮಗ್ಗುಲು ಬದಲಿಸುವ ಚಾಪೆಗಳ ಸದ್ದು.
ಇದಕ್ಕೆ ಕಾಲಮ್ಮಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ:
ನಿದ್ದೆ.

ಮಂಗಳವಾರ ಮನಸ್ಸಿನ ಡಾಕ್ಟರು ಬಂದರು.
ನಾಲ್ಕನೇ ಕ್ಲಾಸಿನ ಕೊಠಡಿಯಲ್ಲಿ ಒಬ್ಬರೇ ಕೂತು ಹೋದರು.
ಅಲ್ಲಿಗೆ ಹೋಗುವವರನ್ನು ಅಂಗಳ ಪೂರ್ತಿ ನೋಡುತ್ತದಲ್ಲ,
"ನಮಗೇನು ಮರ್ಲಾ?"
ಮುಂದಿನ ಮಂಗಳವಾರ ಅವರು ಕೊಠಡಿ ಬಿಟ್ಟು
ಒಲೆಯ ಹತ್ತಿರ ಕೂತರು, ಕತ್ತಿಮಣೆ ಎಳೆದುಕೊಂಡು
ಎರಡು ಕಿಲೋ ನೀರುಳ್ಳಿ ಕೊಯ್ದರು.
ಅಳುವುದಕ್ಕೆ ಎಲ್ಲರಿಗೂ ಒಂದು ನೆಪ ಸಿಕ್ಕಿತು.
ಧೂಮಪ್ಪನವರೂ ಒಂದು ನೀರುಳ್ಳಿ ತೆಗೆದುಕೊಂಡರು.

ಪಾಳಿಯ ಯೋಚನೆ ಅವರದೇ.
"ರಾತ್ರಿ ದೋಣಿಯಲ್ಲಿ ಎಲ್ಲರೂ ಎಚ್ಚರ ಇರುವುದುಂಟಾ?
ಒಬ್ಬ ಸಾಕು. ಉಳಿದವರು ಅವನನ್ನು ನಂಬಿ ಮಲಗುವುದು."
ಕರಿಹಲಗೆಯಲ್ಲಿ, ಮಳೆಗೆ ಮುಂಚಿನ ಸುಭಾಷಿತದ ಕೆಳಗೆ,
ಹೆಸರುಗಳನ್ನು ಬರೆದೆವು.
ಒಂಬತ್ತರಿಂದ ಹನ್ನೊಂದು, ಹನ್ನೊಂದರಿಂದ ಒಂದು.
ಟಾರ್ಚು ಒಂದು. ಸೀಟಿ ಒಂದು, ಪೀಟಿ ಮಾಸ್ತರರದ್ದು.

ಮೊದಲ ರಾತ್ರಿ ಯಾರೂ ಮಲಗಲಿಲ್ಲ.
ಕಾಯುವವರನ್ನೇ ಕಾಯುತ್ತ ಕೂತರು.
ಮೂರನೆಯ ರಾತ್ರಿ ಯಾರೋ ಗೊರಕೆ ಹೊಡೆದರು,
ಕತ್ತಲಲ್ಲಿ ಒಬ್ಬಳು ಕಿಸಕ್ಕೆಂದಳು,
ಮತ್ತೊಬ್ಬಳು ಶ್ ಅಂದಳು.
ಅಂಚಿನಲ್ಲಿ ಬರೆದೆ: ಧೂಮಪ್ಪ, ಒಂದೂವರೆ ಗಂಟೆ.
ಚಪ್ಪಲಿ ಕಳಚಿ.

ಅವ್ವಾಬಿ ಇವತ್ತೂ ಎಂಟು ನೀರು ತೊಳೆದಳು.
ಅದು ಹಾಗೇ ಇದೆ.

ನನ್ನ ಹೆಸರು ಫಾರಮ್ಮಿನಲ್ಲಿಲ್ಲ. ನನ್ನದೇನೂ ಹೋಗಿಲ್ಲ.
ನನ್ನ ಮನೆ ಕಡಲಿನಿಂದ ಎರಡನೇ ಸಾಲು.
ಹೋದ ವರ್ಷ ಮೂರನೆಯದಾಗಿತ್ತು.
ಹಗಲು ಗುಲಾಬಿ ಸೀರೆಯುಟ್ಟು ಮನೆಮನೆಯ ನಿದ್ದೆ ಕೇಳುತ್ತೇನೆ,
ರಾತ್ರಿ ನನ್ನದೇ ಅಡುಗೆಮನೆಯಲ್ಲಿ ದೀಪ ಹಾಕಿ
ನೆಲ ಒದ್ದೆಯಾಗಿದೆಯೇ ಎಂದು ಅಂಗೈಯಿಂದ ಮುಟ್ಟಿ ನೋಡುತ್ತೇನೆ.
ಯಾರಿಗೂ ಹೇಳಿಲ್ಲ.

ನಿನ್ನೆ ಫಾರಂ ಮಡಿಸಿ ಹೊರಟವಳನ್ನು
ಅವ್ವಾಬಿ ತಡೆದಳು. ಏನೂ ಕೇಳಲಿಲ್ಲ.
ಗಲ್ಲ ಹಿಡಿದು, ಟಾರ್ಚಿನ ಬೆಳಕನ್ನು ಬದಿಗೆ ಮಾಡಿ,
ನನ್ನ ಕಣ್ಣಿನ ಕೆಳಗೆ ನೋಡಿದಳು,
ಬಂಗುಡೆ ತಾಜಾ ಇದೆಯೇ ಎಂದು ನೋಡುವ ಹಾಗೆ.

"ಈ ಜೆಪ್ಪು," ಅಂದಳು. ನೀನು ಮಲಗು.
ತನ್ನದೇ ಚಾಪೆ ಹಾಸಿ, ಸೀಟಿಯನ್ನು ಕೊರಳಿಗೆ ಹಾಕಿಕೊಂಡು
ಹೊಸ್ತಿಲಲ್ಲಿ ಕೂತಳು.

ಚಾಪೆಯಲ್ಲಿ ಹೊಯಿಗೆ ಇತ್ತು. ನಿಜವಾಗಿಯೂ ಇತ್ತು.
ಕಡಲು ಎಂದಿನ ಹಾಗೆ ಸದ್ದು ಮಾಡುತ್ತಲೇ ಇತ್ತು,
ಆ ರಾತ್ರಿ ಅದನ್ನು ಕೇಳುವ ಕೆಲಸ
ನನ್ನದಾಗಿರಲಿಲ್ಲ.